ಖಾರಘರದ ಈಜುಕೊಳದಲ್ಲಿ ಹವಳದ ದಿಬ್ಬ

ಬೆಳಿಗ್ಗೆ ಹಾಲು ಕಾಯಿಸಿದೆ. ನಲ್ಲಿ ನಿಲ್ಲುವ ಮೊದಲು ಡ್ರಮ್ ತುಂಬಿಸಿದೆ. ಯಜಮಾನರ ಷರಟಿಗೆ ಗುಂಡಿ ಹೊಲಿದೆ, ಇಡ್ಲಿ ಡಬ್ಬಿಗೆ ಹಾಕಿದೆ. ಆಮೇಲೆ ನಮ್ಮತ್ತೆಯ ಹೆಸರು ಕೆತ್ತಿಸಿದ ಸ್ಟೀಲ್ ಲೋಟಗಳನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕಿಟ್ಟೆ. ಮಗಳು ಸ್ವಾತಿಯ ಪರೀಕ್ಷೆಗೆ ಲೋಟ ಯಾಕೋ ನನಗೆ ತಿಳಿಯಲಿಲ್ಲ. "ಕೋಚ್ ತರೋಕೆ ಹೇಳಿದ್ದಾರೆ, ಅಷ್ಟೇ" ಎಂದಿದ್ದಳು.

ಮಾಲ್ವಣದ ಕಡಲೊಳಗಿನ ಹವಳದ ದಿಬ್ಬಗಳು ಬದುಕಿವೆಯೋ ಸಾಯುತ್ತಿವೆಯೋ ಎಂದು ಪ್ರತಿ ವರ್ಷ ನೀರಿಗಿಳಿದು ಫೋಟೋ ತೆಗೆಯುವ ತಂಡವೊಂದಿದೆ. ಅದಕ್ಕೆ ಸೇರಬೇಕೆಂದು ಅವಳ ಆಸೆ. ಇವತ್ತು ಪಾಸಾದವರಿಗೆ ಮಾತ್ರ ಈ ಸಲ ದೋಣಿಯಲ್ಲಿ ಜಾಗ.

ಭಾನುವಾರ, ಹಳಿ ರಿಪೇರಿಗೆ ಗಾಡಿ ಕಡಿಮೆ ಮಾಡುವ ಮೆಗಾಬ್ಲಾಕ್. ನಮ್ಮ ಡೊಂಬಿವಲಿಯಲ್ಲಿ ಗಾಡಿ ಯಾವ ಪ್ಲಾಟ್‌ಫಾರ್ಮಿಗೆಂದು ತಿಳಿಯದೆ ಸೇತುವೆ ಎರಡೆರಡು ಸಲ ಹತ್ತಿಳಿದೆವು. ಠಾಣೆಯಲ್ಲಿ ಪನ್ವೇಲ್ ಲೋಕಲ್ ಹಿಡಿದ ಮೇಲೆ ಕಿಟಕಿ ಸಿಕ್ಕಿತು, ಜೊತೆಗೆ ಬಿಸಿಗಾಳಿಯೂ. ಸ್ವಾತಿ ಇಡ್ಲಿ ಮುಟ್ಟಲಿಲ್ಲ. ಖಾರಘರದಲ್ಲಿ ಇಳಿದು ಈಜುಕೊಳಕ್ಕೆ ರಿಕ್ಷಾ ಮಾಡಿದೆವು.

ಕೋಚ್ ಲೋಟಗಳನ್ನು ಕೊಳದ ತಳದಲ್ಲಿ ಒತ್ತೊತ್ತಾಗಿ ನಿಲ್ಲಿಸಿ ಬಂದರು. "ಇವೇ ಹವಳ ಅಂದ್ಕೊಳ್ಳಿ ಆಂಟಿ" ಎಂದರು ಹಿಂದಿಯಲ್ಲಿ. "ಫೋಟೋದಲ್ಲಿ ಹೆಸರು ಓದೋಕೆ ಬರಬೇಕು. ಒಂದು ಬಿದ್ದರೂ ಫೇಲ್. ಹತ್ತಿರದ ಫೋಟೋಗೆ ಹೋಗಿ ಹವಳ ಮುರಿಯೋರೇ ಜಾಸ್ತಿ."

"ಬಿದ್ದರೆ ಎತ್ತಿ ನಿಲ್ಲಿಸಿದರಾಯ್ತಲ್ಲ?"

"ಹವಳ ಎದ್ದು ನಿಲ್ಲಲ್ಲ ಆಂಟಿ."

ಕಾಲಿಗೆ ರಬ್ಬರಿನ ರೆಕ್ಕೆ ಕಟ್ಟಿಕೊಂಡು, ಕ್ಯಾಮೆರಾ ಹಿಡಿದು ಸ್ವಾತಿ ಮುಳುಗಿದಳು. ಕೋಚ್ ಪರೀಕ್ಷೆಗೆ ಬಂದಿದ್ದ ಇನ್ನೊಬ್ಬನ ಮುಖವಾಡ ಬಿಗಿಯುತ್ತಿದ್ದರು. ಅವಳು ತಿರುಗಿದಾಗ ರೆಕ್ಕೆ ಬೀಸಿದ ನೀರಿಗೆ ಮೂಲೆಯ ಲೋಟ ಸದ್ದಿಲ್ಲದೆ ಉರುಳಿತು. ದಂಡೆಯಿಂದ ನಾನು ಕಂಡೆ, ಅವಳಿಗೆ ಗೊತ್ತಾಗಲೇ ಇಲ್ಲ.

ಮೇಲೆ ಬಂದು ಕ್ಯಾಮೆರಾ ತೋರಿಸಿದಳು. ಅತ್ತೆಯ ಹೆಸರು ಅಷ್ಟು ಸ್ಪಷ್ಟ!

"ಮಸ್ತ್!" ಎಂದ ಕೋಚ್, "ಕುಛ್ ಗಿರಾ?" ಎಂದು ಕೇಳಿದರು.

"ನಹೀ. ಏನೂ ಬೀಳಲಿಲ್ಲ ಅಲ್ವಾ ಅಮ್ಮ?"

"ಒಂದು ಬಿತ್ತಲ್ಲ, ಮೂಲೇದು." ಮನೆಯಲ್ಲಿ ಪಾತ್ರೆ ಬಿದ್ದರೆ ಹೇಳುವ ಹಾಗೆ ಹೇಳಿಬಿಟ್ಟೆ.

ಕೋಚ್ ನೀರಿಗೆ ಬಗ್ಗಿ ನೋಡಿದರು. "ಮುಂದಿನ ವರ್ಷ ಬಾ, ಬೇಟಾ."

ವಾಪಸು ಠಾಣೆಯಲ್ಲಿ ಗಾಡಿ ಬದಲಿಸಿದೆವು. "ಅವರೇ ಇಳಿದು ಲೋಟ ತೆಗೆಯುವಾಗ ಗೊತ್ತಾಗ್ತಿತ್ತು" ಎಂದೆ.

"ಆಗ ಅವರು ನೋಡಿದ ಹಾಗಾಗ್ತಿತ್ತು. ಈಗ ನೀನು ಹೇಳಿದ ಹಾಗಾಯ್ತು."

ಮುಂಬ್ರಾ ಬಂದಾಗ ಅವಳೇ ಕೇಳಿದಳು: "ಕಾಲು ಎಷ್ಟು ಹತ್ತಿರ ಇತ್ತು?" ಎರಡು ಬೆರಳಿನ ಸಂದಿ ತೋರಿಸಿದೆ. "ಇಷ್ಟೇನಾ?" ಎಂದು ನನ್ನ ಬೆರಳುಗಳನ್ನು ಹಿಡಿದು ನೋಡಿದಳು. ಸಿಟ್ಟು ಇಳಿಯಿತೋ ಇಲ್ಲವೋ ತಿಳಿಯಲಿಲ್ಲ.

ಮನೆಯಲ್ಲಿ ಯಜಮಾನರು "ಏನಾಯ್ತು?" ಎಂದರು.

"ಫೇಲ್, ಪಪ್ಪಾ. ಕಾಲು ಹತ್ತಿರ ಹೋಯ್ತು." ನನ್ನ ಸುದ್ದಿ ಎತ್ತಲಿಲ್ಲ.

ಕುಚ್ಚಲಕ್ಕಿ ಗಂಜಿ, ಮಾವಿನ ಉಪ್ಪಿನಕಾಯಿ ಉಂಡೆವು. ಸ್ವಾತಿ ಎರಡನೇ ಸಲ ಬಡಿಸಿಕೊಂಡಳು. ಎಲ್ಲರಿಗಿಂತ ಮೊದಲು ಮಲಗಿದವಳೂ ಅವಳೇ, ಕಾಲೆರಡನ್ನೂ ಮಡಚಿ ಮೈಗೆ ಒತ್ತಿಕೊಂಡು.