ಟೋರಾ ಹಾಕಿದ ಗಂಟು

ಟೋರಾ ಮೀನುಗಾರರ ಬಲೆ ಹೆಣೆಯುವವಳು. ಮದುವೆಯ ಗೋಜಿಗೆ ಹೋಗದೆ ನಲವತ್ತು ವರ್ಷ ಆ ಕೆಲಸದಲ್ಲೇ ಬದುಕಿದವಳು. ನಾರ್ವೆಯ ಪಡುಗಡಲಿನ ಅವಳ ದ್ವೀಪದಲ್ಲಿ ಮರವೇ ಇಲ್ಲ. ಬರ್ಚ್ ಮರದ ಸೌದೆ ವಸಂತದಲ್ಲಿ ದೋಣಿಯಲ್ಲಿ ಬರಬೇಕು, ಚಳಿಗಾಲದ ಹೊತ್ತಿಗೆ ಒಣಗಬೇಕು. ಟೋರಾ ಒಟ್ಟಿದ ಸೌದೆಯ ಮೇಲೆ ಹಲಗೆ, ಹಲಗೆಯ ಮೇಲೆ ಹಳೆಯ ಬಲೆ, ಬಲೆಯ ಅಂಚಿಗೆ ಸುತ್ತಲೂ ಕಟ್ಟಿ ಇಳಿಬಿಟ್ಟ ಕಲ್ಲುಗಳು. ಪಕ್ಕಗಳನ್ನು ಮಾತ್ರ ಅವಳು ಮುಚ್ಚುತ್ತಿರಲಿಲ್ಲ. ನೆತ್ತಿಗೆ ಮಳೆ ಬೀಳದಿದ್ದರೆ ಸಾಕು, ಉಳಿದದ್ದನ್ನು ಗಾಳಿ ನೋಡಿಕೊಳ್ಳುತ್ತದೆ.

ಪಕ್ಕದ ಮನೆಯ ಪೆಡರ್ ಬಹುಕಾಲ ಹಡಗಿನಲ್ಲಿ ದುಡಿದು ಊರಿಗೆ ಮರಳಿದ್ದ. ಬಂದಮೇಲೆ ಊರಿಗೆಲ್ಲ ಬುದ್ಧಿ ಹೇಳುವುದೇ ಅವನ ಉದ್ಯೋಗವಾಯಿತು. ಒಂದು ಸೆಪ್ಟೆಂಬರಿನಲ್ಲಿ ಟೋರಾ ಎರಡು ವಾರ ತಂಗಿಯ ಮನೆಗೆ ಹೋಗಿದ್ದಾಗ, ಈ ಮಹಾನುಭಾವ ಅವಳ ಕಲ್ಲುಗಳನ್ನು ಬಿಚ್ಚಿಕೊಂಡು ಹೋಗಿ ತನ್ನ ದೋಣಿ ಇಡುವ ಕೊಟ್ಟಿಗೆಯ ಗೋಡೆಗೆ ಸೇರಿಸಿದ. ಅವಳು ಬರುವಷ್ಟರಲ್ಲಿ ಹಲಗೆಗಳು ಕಡಲು ಸೇರಿದ್ದವು, ಸೌದೆ ನೀರು ಕುಡಿದು ಊದಿಕೊಂಡಿತ್ತು.

ಆ ಗೋಡೆಯಲ್ಲಿ ತನ್ನ ಕಲ್ಲುಗಳನ್ನು ಗುರುತಿಸಿದ ಟೋರಾ ಅಂಗಡಿಯಲ್ಲಿ ಹತ್ತು ಜನರ ಮುಂದೆ ಕೇಳಿದಾಗ ಪೆಡರ್ ಹೇಳಿದ: "ಎಲ್ಲಾ ಗಾಳಿ ಮಾಡಿದ ಕೆಲಸ ಕಣೆ."

"ಗಾಳಿ ಗಂಟು ಬಿಚ್ಚುತ್ತೇನೋ?"

"ನೀನು ಹಾಕಿದ ಗಂಟಲ್ವಾ. ತಾನಾಗೇ ಬಿಚ್ಕೊಂಡಿರುತ್ತೆ."

ಜನ ನಕ್ಕರು. ಆ ಚಳಿಗಾಲವಿಡೀ ಟೋರಾ ಹೊಗೆಯಲ್ಲಿ ಕೆಮ್ಮಿದಳು, ಆದರೆ ಅವಳನ್ನು ಸುಟ್ಟದ್ದು ಆ ನಗು. ಅವಳ ಗಂಟು ನಂಬಿ ಜನ ಕಡಲಿಗೆ ಇಳಿಯುತ್ತಿದ್ದರು. ತಪ್ಪು ತನ್ನದೆಂದು ಅವನ ಬಾಯಿಂದಲೇ ಹೇಳಿಸದೆ ಬಿಡುವುದಿಲ್ಲ ಎಂದು ಅವಳು ಹಟ ಹಿಡಿದಳು. ಆ ದಿನಗಳಲ್ಲಿ ಪೆಡರನ ಹೆಂಡತಿ ಮಾಗ್ನಿ ಮಾತ್ರ ತಲೆ ತಗ್ಗಿಸಿಕೊಂಡು ಬಂದು ಮೀನಿನ ಸಾರು ಕೊಟ್ಟು ಹೋಗುತ್ತಿದ್ದಳು.

ವಸಂತದಲ್ಲಿ ಪೆಡರ್ ಹೊಸ ಟಾರ್ಪಾಲು ತಂದ. ಹಸಿ ಸೌದೆಯನ್ನು ನೆತ್ತಿಯಿಂದ ನೆಲದವರೆಗೆ ಸುತ್ತಿ, ಹಡಗಿನ ಸರಕು ಕಟ್ಟುವಂತೆ ಹಗ್ಗ ಬಿಗಿದ. ಯಾರಾದರೂ ಸೌದೆ ತಪ್ಪಾಗಿ ಮುಚ್ಚಿದರೆ, ವೈರಿಯಾದರೂ ಸರಿ, ಕಂಡವರು ಹೇಳಬೇಕು. ಅದು ಅಲ್ಲಿನ ರೂಢಿ. ಟೋರಾ ಕಾಫಿ ಬಟ್ಟಲು ಹಿಡಿದು ಬೇಲಿಯ ತನಕ ಹೋದಳು.

"ಚೆನ್ನಾಗಿ ಕಟ್ಟಿದೀಯ ಪೆಡರ್. ಒಂದು ಹನಿ ನೀರೂ ಒಳಗೆ ಹೋಗಲ್ಲ."

"ನೋಡಿ ಕಲ್ತ್ಕೊ," ಎಂದ ಅವನು.

ಒಂದು ಹನಿ ಹೊರಗೂ ಬರುವುದಿಲ್ಲ ಎಂಬುದನ್ನು ಅವಳು ಹೇಳಲಿಲ್ಲ. ಬೇಸಗೆಯಿಡೀ ಆ ಟಾರ್ಪಾಲನ್ನು ನೋಡಿ ನೋಡಿ ಹೊಟ್ಟೆ ತಣ್ಣಗೆ ಮಾಡಿಕೊಂಡಳು.

ಡಿಸೆಂಬರಿನಲ್ಲಿ ಬಿಚ್ಚಿದರೆ ಸೌದೆಯ ತುಂಬ ಬೂಸಲು. ಒಲೆಗೆ ಹಾಕಿದರೆ ಸುಯ್ಯೆಂದು ಹೊಗೆಯಾಡುತ್ತಿತ್ತು, ಉರಿಯುತ್ತಿರಲಿಲ್ಲ. ಆದರೆ ಖಾಲಿ ಬುಟ್ಟಿ ಹಿಡಿದು ಟೋರಾಳ ಬಾಗಿಲಿಗೆ ಬಂದದ್ದು ಪೆಡರನಲ್ಲ, ಮಾಗ್ನಿ. ಕಣ್ಣು ಕೆಂಪಾಗಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ.

"ಹೀಗಾಗುತ್ತೆ ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ನಾನೇನು ಮಾಡಿದ್ದೆ ನಿಂಗೆ?"

ಟೋರಾಗೆ ನಾಚಿಕೆಯಾಯಿತು. ಒಳಗಿನ ಸಿಟ್ಟು ಮಾತ್ರ ಆರಲಿಲ್ಲ.

"ಆ ಮನೆಗೆ ಒಂದು ತುಂಡು ಸೌದೆ ಕೊಡಲ್ಲ," ಎಂದಳು. "ನೀನು ಒಳಗೆ ಬಾ. ಚಳಿ ಮುಗಿಯೋತನಕ ಬೇಕಾದ್ರೂ ಇರು."

ಮಾಗ್ನಿ ಒಳಗೆ ಬಂದು ಬುಟ್ಟಿ ಕೆಳಗಿಟ್ಟಳು. ಮೂರನೆಯ ದಿನ ಪೆಡರ್ ಮಸಿ ಮೆತ್ತಿದ ಮುಖ ಹೊತ್ತು ಬಾಗಿಲಿಗೆ ಬಂದ.

"ಮಾಗ್ನಿ, ಮನೆಗೆ ನಡಿ."

ಮಾಗ್ನಿ ಒಲೆಯ ಮುಂದಿನಿಂದ ಕದಲಲಿಲ್ಲ. "ಮೊದ್ಲು ಅವಳಿಗೆ ಹೇಳ್ಬೇಕಾದ್ದು ಹೇಳು."

ಪೆಡರ್ ತನ್ನ ಬೂಟು ನೋಡಿಕೊಂಡೇ ಕೊನೆಗೆ, "ಕಲ್ಲು ಬಿಚ್ಚಿದ್ದು ನಾನೇ. ಗಂಟು ಗಟ್ಟಿಯಾಗೇ ಇತ್ತು," ಎಂದ.

ಹದಿನೈದು ತಿಂಗಳು ಕಾದ ಮಾತು. ಟೋರಾ ಅದನ್ನು ಪೂರ್ತಿ ಸವಿದಳು.

"ಇಲ್ಲಿ ಗಾಳಿ ಜೋರು, ಸರಿಯಾಗಿ ಕೇಳಿಸ್ಲಿಲ್ಲ," ಎಂದಳು. "ನಾಳೆ ಅಂಗಡೀಲಿ ಹೇಳು."

ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು.