ಸರ್ವರ್‌ಗೆ ಹಾಕಿದ ಮಾಲೆ

ಆಯುಧಪೂಜೆಯ ದಿನ ಬೆಟಗೇರಿಯ ಮನೆಯಲ್ಲಿ, ನಮ್ಮ ಕಡೆ ಅನ್ನುವ ಖಂಡೇಪೂಜೆಯ ಹೋಳಿಗೆ ಮುರಿಯುತ್ತಿದ್ದಾಗ ನನ್ನ ಮೊಬೈಲು ಚೀರಿಕೊಂಡಿತು. ಶಿರಹಟ್ಟಿಯ ಆಸ್ಪತ್ರೆಯೊಂದರ ಸರ್ವರ್ ಕಾದು ಕೆಂಡವಾಗುತ್ತಿತ್ತು. ಅದರ ಶಾಖ, ಫ್ಯಾನು ಎಲ್ಲವನ್ನೂ ದೂರದಿಂದಲೇ ನೋಡಿಕೊಳ್ಳುವ ವ್ಯವಸ್ಥೆಯನ್ನು ಆಗಷ್ಟೇ ಜೋಡಿಸಿ ಬಂದಿದ್ದೆ. ಕುಳಿತಲ್ಲಿಂದಲೇ ಆಫ್ ಮಾಡಬಹುದಿತ್ತು. ಆದರೆ ಹಾಗೆ ಮಾಡಿದರೆ ರೋಗಿಗಳ ರಿಪೋರ್ಟೇ ಸಿಗುತ್ತಿರಲಿಲ್ಲ. ಆಫ್ ಮಾಡಬಾರದೆಂದು ಹಟ ಹಿಡಿದು ಅಲ್ಲಿನ ಕೌಂಟರಿನ ಶಾಂತಕ್ಕನಿಗೆ ಫೋನ್ ಹಚ್ಚಿದೆ.

“ಅಕ್ಕಾರ, ಗಾಳಿ ಹೋಗೂ ಜಾಗಕ್ಕ ಏನರ ಅಡ್ಡ ಬಂದೈತೇನ್ರಿ?”

“ಏನೂ ಇಲ್ರಿ. ಚೆಂಡಹೂವಿನ ಮಾಲಿ ಒಂದ ಐತಿ. ಪೂಜಿ ಮಾಡಿ ಹಾಕಿದ್ದು, ಇವತ್ತ ತಗಿಯಂಗಿಲ್ರಿ!”

ಅವರ ಹಟವೂ ಕಡಿಮೆಯದಲ್ಲ. ಕೊನೆಗೆ ಸರ್ವರಿನ ಮೇಲ್ಗಡೆಯಿದ್ದ ಕ್ಯಾಲೆಂಡರ್ ತೆಗೆದು, ಅದೇ ಮೊಳೆಗೆ ಮಾಲೆ ಏರಿಸಿದರು. ಶಾಖ ಇಳಿಯಿತು.

ಈಗ ಮುಂಡರಗಿಯಿರಲಿ, ಲಕ್ಷ್ಮೇಶ್ವರವಿರಲಿ, ಈ ವ್ಯವಸ್ಥೆ ಜೋಡಿಸಿದಲ್ಲೆಲ್ಲ ಸರ್ವರಿನ ಮೇಲಿನ ಗೋಡೆಗೊಂದು ಮೊಳೆ ಹೊಡೆದೇ ಬರುತ್ತೇನೆ.