ಬೆಲ್ಲದ ಟಾರ್ಪಾಲಿನ ಕೆಳಗೆ

ಮೊನ್ನೆ ಮಂಡ್ಯದ ಪೇಟೆ ಬೀದಿಯಲ್ಲಿ ಬೆಲ್ಲದ ಲಾರಿಯೊಂದು ನಿಂತಿತ್ತು. ಆಗಷ್ಟೇ ಒಂದು ಮಳೆ ಹೊಡೆದು ಹೋಗಿತ್ತು. ಇಬ್ಬರು ಆಳುಗಳು ಹಗ್ಗ ಬಿಚ್ಚಿ ಟಾರ್ಪಾಲನ್ನು ಎಳೆದು ಕೆಳಗೆ ಹಾಕಿದರು. ಈಗಿನ ನೀಲಿ ಪ್ಲಾಸ್ಟಿಕ್ ಅಲ್ಲ, ಹಳೆಯ ಕಾಲದ ದಪ್ಪ ಕ್ಯಾನ್ವಾಸು. ನೆಂದ ಬಟ್ಟೆ, ಮೇಣ, ಅದರ ನೂಲಿನೊಳಗೆ ಸೇರಿಹೋದ ಬೆಲ್ಲ... ಆ ವಾಸನೆ ಮೂಗಿಗೆ ಬಿದ್ದದ್ದೇ ನಾನು ತರಕಾರಿ ಚೀಲ ಹಿಡಿದು ನಿಂತಲ್ಲೇ ನಿಂತೆ. ಮೊದಲು ನಗು ಬಂತು. ಆಮೇಲೆ ಕಣ್ಣು ತುಂಬಿತು. ನಮ್ಮ ಹೊಲಿಗೆ ಟೀಚರ್ ಹೋಗಿ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ.

ಎಪ್ಪತ್ತನಾಲ್ಕೋ ಎಪ್ಪತ್ತೈದೋ ಇರಬೇಕು. ನಾನು ಹೊಳಲಿನಿಂದ ಮಂಡ್ಯದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಬರುತ್ತಿದ್ದೆ. ಟೀಚರ್ ನಮಗೆ ಕಾಜಾ ಹೊಲಿಯುವುದು, ಅಂಚು ಮಡಚುವುದು, ರವಿಕೆ ಕತ್ತರಿಸುವುದು ಕಲಿಸುತ್ತಿದ್ದರು. ಕುಳ್ಳಗಿನ ಹೆಂಗಸು. ಅಳತೆಯ ಟೇಪು ಸದಾ ಕೊರಳಲ್ಲಿ ಹಾರದಂತೆ ಇರುತ್ತಿತ್ತು. ಸೆರಗಿನಲ್ಲಿ ಗುಂಡುಸೂಜಿ ಚುಚ್ಚಿಕೊಂಡಿರುತ್ತಿದ್ದರು. ಅವರನ್ನು ತಬ್ಬಿಕೊಳ್ಳಲು ಹೋದವರಿಗೆಲ್ಲ ಅದು ಗೊತ್ತು. ಸ್ಕೂಲಿನ ಗೈಡ್ಸ್ ದಳವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಗಂಡುಹುಡುಗರ ಸ್ಕೂಲಿನ ಸ್ಕೌಟ್ಸ್ ದಳ ಪ್ರತಿ ವರ್ಷ ಕ್ಯಾಂಪಿಗೆ ಹೋಗಿ ಡೇರೆ ಹಾಕಿಕೊಂಡು ಮಲಗಿ ಬರುತ್ತಿತ್ತು. ನಾವು ಮಾತ್ರ ಸ್ಕೂಲಿನ ಮೈದಾನದಲ್ಲಿ ಎಡ ಬಲ ಎಡ ಬಲ ಅಂತ ನಡೆದು ಸಂಜೆಗೆ ಮನೆ ಸೇರುತ್ತಿದ್ದೆವು. ಟೀಚರಿಗೆ ಇದು ನುಂಗಲಾರದ ತುತ್ತಾಗಿತ್ತು.

ಬಹಳ ಸಲ ಕೇಳಿದ ಮೇಲೆ ಆ ವರ್ಷ ಹೆಡ್‌ಮಿಸ್ಟ್ರೆಸ್ ಒಪ್ಪಿದರು. ಆದರೆ ನಮ್ಮೆಲ್ಲರ ಎದುರಿಗೇ ಷರತ್ತು ಹಾಕಿದರು. ಒಬ್ಬ ಹುಡುಗಿ ಜ್ವರ ಹಿಡಿಸಿಕೊಂಡು ಬಂದರೂ, ಒಬ್ಬರ ಮನೆಯವರು ಅರ್ಧಕ್ಕೆ ಬಂದು ಕರೆದುಕೊಂಡು ಹೋದರೂ, ಈ ಸ್ಕೂಲಿನಲ್ಲಿ ಇದೇ ಮೊದಲು, ಇದೇ ಕೊನೆ. ಟೀಚರ್ ತಲೆಯಾಡಿಸಿದರು. ಆ ಮಾತಿನ ಭಾರ ನಮಗೂ ತಿಳಿದಿತ್ತು.

ಒಂದು ಭಾನುವಾರ ಅವರು ಹೊಳಲಿಗೆ ನಮ್ಮ ಮನೆಗೇ ಬಂದರು. ಅಪ್ಪ ಜಗಲಿಯ ಮೇಲೆ ಕೂತಿದ್ದ. ವಿಷಯ ಅವನ ಕಿವಿಗೆ ಮೊದಲೇ ಬಿದ್ದಿತ್ತು.

"ಅಲ್ಲ ಕಣವ್ವ, ಇವ್ಕೆ ಮನೆ ಇಲ್ವಾ? ಎಣ್ಮಕ್ಳು ಬಯ್ಲಲ್ ಯಾಕ್ ಮಲಗ್ಬೇಕು?"

"ನಾನು ಮಗಳನ್ನ ಕೇಳೋಕೆ ಬರಲಿಲ್ಲ ಗೌಡ್ರೇ" ಅಂದರು ಟೀಚರ್. "ನಿಮ್ಮ ಆಲೆಮನೆ ಟಾರ್ಪಾಲು ಕೇಳೋಕೆ ಬಂದೆ."

ಆ ಟಾರ್ಪಾಲು ಅಪ್ಪನ ಪ್ರಾಣ. ಆಲೆಮನೆಯಲ್ಲಿ ಬಿಸಿ ಬೆಲ್ಲದ ಅಚ್ಚುಗಳನ್ನು ಅದರ ಮೇಲೆ ಹರಡಿ ಆರಿಸುತ್ತಿದ್ದರು. "ಅದ್ನ ನಮ್ ತಮ್ಮಂಗೇ ಕೊಡಾಕಿಲ್ಲ" ಅಂದ.

"ಸರಿ. ಹಾಗಾದ್ರೆ ಅದನ್ನ ನೋಡ್ಕೊಳ್ಳೋಕೆ ನಿಮ್ಮ ಮನೆಯವರನ್ನೇ ಒಬ್ಬರನ್ನ ಜೊತೆಗೆ ಕಳಿಸಿ."

"ಯಾರ್ನ ಕಳಿಸ್ಲಿ? ಎಲ್ರಿಗೂ ಕೆಲ್ಸ ಐತೆ."

"ಮಗಳಿದಾಳಲ್ಲ, ರಜಾ ಇದೆ."

ಬಾಗಿಲ ಹಿಂದೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅಪ್ಪ ಸ್ವಲ್ಪ ಹೊತ್ತು ಟೀಚರ್ ಮುಖವನ್ನೇ ನೋಡಿದ. "ನೀವು ಮೇಷ್ಟ್ರಲ್ಲ ಕಣವ್ವ, ಮಂಡಿ ದಲ್ಲಾಳಿ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ಅದೇನಾದ್ರೂ ಅರ್ದ್ರೆ ಮನೇಗ್ ಬರ್ಬ್ಯಾಡ" ಅಂದ. ಹರಿದರೆ ಎಂದು ಅವನು ಹೇಳಿದ್ದು ಟಾರ್ಪಾಲಿನ ಬಗ್ಗೆ. ನನಗೆ ಕೇಳಿಸಿದ್ದು ಒಪ್ಪಿಗೆ.

ದಸರಾ ರಜೆಯಲ್ಲಿ ಹೊರಟೆವು. ಮದ್ದೂರಿನಲ್ಲಿ ಬಸ್ಸು ಬದಲಿಸಿ, ಕೆ.ಎಂ. ದೊಡ್ಡಿ ದಾಟಿ ಮಳವಳ್ಳಿಗೆ. ಡೇರೆಗಳು ಸ್ಕೌಟ್ಸ್‌ನವರಿಂದ ತಂದವು. ನೆಲಕ್ಕೆ ಏನೂ ಇಲ್ಲದ, ಬರೀ ಗೋಡೆ ಮತ್ತು ಸೂರಿನ ಡೇರೆಗಳು. ಗೂಟಗಳನ್ನು ಕೊಟ್ಟವರು ನನ್ನ ಬೆಂಚಿನ ಗೆಳತಿ ಮುನೀರಾಳ ಅಪ್ಪ. ಅವರದು ಮಂಡ್ಯದಲ್ಲಿ ಲಾರಿ ರಿಪೇರಿ ಶೆಡ್ಡು, ಹಳೆಯ ಕಬ್ಬಿಣ ಬಡಿದು ಮಾಡಿಸಿದ್ದರು. ಟಾರ್ಪಾಲನ್ನು ಸುತ್ತಿ ಹಗ್ಗ ಬಿಗಿದು ಬಸ್ಸಿನ ಮೇಲೆ ಏರಿಸುವಾಗ ಕಂಡಕ್ಟರ್ ಬಗ್ಗಿ ನೋಡಿದ.

"ಇದೇನ್ರವ್ವ, ಎಣ ಗಿಣ ಸಾಗಿಸ್ತಾ ಇದೀರಾ?"

"ಊಂ ಕಣಣ್ಣ, ನಿನ್ ಥರಾನೇ ಕೇಳ್ತಿದ್ದ ಕಂಡಕ್ಟರದ್ದು" ಅಂದಳು ಮುನೀರಾ. ಟೀಚರ್ ಗದರಿಸಬೇಕಿತ್ತು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು, ಭುಜ ಮಾತ್ರ ಅಲುಗುತ್ತಿತ್ತು.

ಮಳವಳ್ಳಿ ದಾಟಿ ಶಿಂಷಾ ಕಡೆಗೆ ಹೋಗುವ ದಾರಿಯಲ್ಲಿ ಒಂದು ಮಾವಿನ ತೋಪು. ಪಕ್ಕದಲ್ಲಿ ಕಬ್ಬಿನ ಗದ್ದೆ. ತೋಪಿನ ಯಜಮಾನರು ಮೊದಲೇ ಒಪ್ಪಿದ್ದರು. ಡೇರೆಗಳನ್ನು ಒಂದಕ್ಕೊಂದು ತಾಗುವ ಹಾಗೆ ನಿಲ್ಲಿಸಿದೆವು. ನೆಲಕ್ಕೆ ಏನು ಹಾಸುವುದು ಎಂದಾಗ ನಾನು ತಿಳಿದವಳಂತೆ ಮುಂದೆ ಬಂದೆ. ನಮ್ಮ ಟಾರ್ಪಾಲಿನ ಮೇಲೆ ನೆಲದ ತೇವ ಒಂದು ಚೂರೂ ಏರುವುದಿಲ್ಲ, ಬೆಲ್ಲವನ್ನೇ ಕಾಯುತ್ತದೆ, ನಮ್ಮನ್ನು ಕಾಯುವುದಿಲ್ಲವೇ ಅಂದೆ. ಟೀಚರೂ ಹೌದೆಂದರು. ಅಗಲವಾಗಿ ಹಾಸಿ, ಅದರ ಮೇಲೆ ಜಮಖಾನ, ಅದರ ಮೇಲೆ ನಾವು.

ಬೇರೆ ಊರಿನವರಾಗಿದ್ದರೆ ಮೂಗಿಗೆ ಹಿಡಿದ ಕೂಡಲೇ ಬೇಡ ಅನ್ನುತ್ತಿದ್ದರೇನೋ. ಮಂಡ್ಯದವರಿಗೆ ಬೆಲ್ಲದ ವಾಸನೆ ವಾಸನೆಯೇ ಅಲ್ಲ, ಅದು ಗಾಳಿಯ ಹಾಗೆ. ಅಷ್ಟು ಹುಡುಗಿಯರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ, ಟೀಚರಿಗೂ ಹೊಳೆಯಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಕಾಲು ಚಾಚಿದ್ದಷ್ಟೇ. ಮುನೀರಾ ನೆಲಕ್ಕೆ ಕಿವಿಯಿಟ್ಟು ಮಲಗಿದ್ದವಳು ಎದ್ದು ಕೂತಳು.

"ಲೇ, ನೆಲ ನಡೀತಾ ಐತೆ ಕಣೇ."

ಆ ತೋಪಿನ ಇರುವೆಗಳೆಲ್ಲ ನೆಂಟರ ಮನೆಗೆ ಬಂದ ಹಾಗೆ ಸಾಲುಹಿಡಿದು ಬರುತ್ತಿದ್ದವು. ಕೆಂಪಿರುವೆ, ಕಟ್ಟಿರುವೆ, ಹೆಸರೇ ಗೊತ್ತಿಲ್ಲದವು. ಲಂಗ ಒದರುವವರು, ಜಡೆ ಬಿಚ್ಚುವವರು, ಮರ ಹತ್ತಿ ಅಲ್ಲೂ ಇರುವೆ ಕಂಡು ಇಳಿಯುವವರು... ಟೀಚರ್ ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಗುವುದನ್ನು ನಾವು ಕ್ಲಾಸಿನಲ್ಲಿ ಕಂಡಿರಲಿಲ್ಲ.

ನಕ್ಕು ಮುಗಿದ ಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡರು. "ಕೆಳಗಿರೋದು ಮೇಲೆ ಹೋಗಲಿ" ಅಂದರು. ಟಾರ್ಪಾಲನ್ನು ಒದರಿ, ಮರದಿಂದ ಮರಕ್ಕೆ ಹಗ್ಗ ಕಟ್ಟಿ, ಡೇರೆಗಳ ಮೇಲೆ ಇನ್ನೊಂದು ಸೂರಿನಂತೆ ಇಳಿಜಾರಾಗಿ ಎಳೆದೆವು. ಎತ್ತು ಕಟ್ಟುವ ಗಂಟು ನನಗೆ ಬರುತ್ತಿತ್ತು, ಅದೇ ಹಾಕಿದೆ. ನೆಲಕ್ಕೆ ಪಕ್ಕದ ಗದ್ದೆಯವರನ್ನು ಕೇಳಿ ಒಣಗಿದ ಕಬ್ಬಿನ ತರಗು ತಂದು ಹರಡಿದೆವು. ಅದರ ಮೇಲೆ ಹೊಲಿಗೆ ಕೋಣೆಯ ಮೇಜಿಗೆ ಹಾಸುವ ಮೇಣದ ಬಟ್ಟೆ, ಅದರ ಮೇಲೆ ಗೋಣಿಚೀಲ, ಜಮಖಾನ. ಮೇಣದ ಬಟ್ಟೆ ಡೇರೆಗಿಂತ ಉದ್ದವಿತ್ತು. ನಾವು ಹೆಚ್ಚಾದದ್ದನ್ನು ಹೊರಗೆ ಎಳೆದು ಬಾಗಿಲ ಮುಂದೆ ಜಗಲಿ ಮಾಡಿಕೊಂಡೆವು. ಯಾರೋ ಅದರ ಮೇಲೆ ರಂಗೋಲಿಯನ್ನೂ ಬಿಟ್ಟರು.

ಸಾಯಂಕಾಲ, ಕಾಫಿಗೆ ಒಲೆ ಹೊತ್ತಿಸುವ ಹೊತ್ತಿಗೆ, ಮಳೆ ಬಂತು. ಹನಿ ಗಿನಿ ಇಲ್ಲ, ಒಂದೇ ಸಲ. ಎಲ್ಲರೂ ಒಳಗೆ ನುಗ್ಗಿ ಕೂತೆವು. ಟಾರ್ಪಾಲು ಮೇಲೆ ಮದ್ದಳೆಯಂತೆ ಬಡಿದುಕೊಳ್ಳುತ್ತಿತ್ತು, ಆದರೆ ಒಂದು ಹನಿಯನ್ನೂ ಬಿಡಲಿಲ್ಲ. ಅದರ ಅಂಚಿನಿಂದ ನೀರು ದಾರ ದಾರವಾಗಿ ಇಳಿಯುತ್ತಿತ್ತು, ಕಂದು ಬಣ್ಣದ ನೀರು. ಒಬ್ಬಳು ಕೈಯೊಡ್ಡಿ ನೆಕ್ಕಿದಳು.

"ಪಾನಕ ಕಣ್ರೇ."

ಆಮೇಲೆ ಕೇಳಬೇಕೇ. ಡೇರೆಯ ಬಾಯಲ್ಲಿ ಸಾಲಾಗಿ ನಿಂತು ನಾಲಗೆ ಚಾಚಿದೆವು. ಟೀಚರ್ "ಗಲೀಜು, ಗಲೀಜು" ಅನ್ನುತ್ತಲೇ ಒಂದು ಲೋಟ ಹಿಡಿದು ತಾವೂ ಕುಡಿದರು. "ಒಂದು ನಿಂಬೆಹಣ್ಣು ಬೇಕಿತ್ತು" ಅಂದರು.

ಆ ಸಂತೋಷದಲ್ಲಿ ಕೆಳಗೆ ನೋಡಿದವರು ಯಾರೂ ಇಲ್ಲ. ಮುನೀರಾ ಕೂರಲು ಹೋಗಿ ಎದ್ದು ನಿಂತಳು, ಲಂಗದ ಹಿಂಭಾಗ ಒದ್ದೆ. ಹಾಸಿಗೆಯ ಬಾಗಿಲ ಕಡೆಯ ತುದಿ ನೆನೆಯತೊಡಗಿತ್ತು. ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಲಿಲ್ಲ. ಮೇಲಿಂದ ಸೋರುತ್ತಿಲ್ಲ, ನೆಲ ಎತ್ತರದ್ದು. ಪೇಟೆಯ ಅಧಿಕಾರಿಯೊಬ್ಬರ ಮಗಳು ಅಳಲು ಶುರುಮಾಡಿದಳು. ಅವಳನ್ನು ನೋಡಿ ಇನ್ನಿಬ್ಬರು. ಒದ್ದೆಯಲ್ಲಿ ಮಲಗಿದರೆ ಬೆಳಿಗ್ಗೆಗೆ ಯಾರಿಗಾದರೂ ಜ್ವರ ಬರುವುದೇ. ಹೆಡ್‌ಮಿಸ್ಟ್ರೆಸ್ ಹಾಕಿದ ಷರತ್ತು ಎಲ್ಲರಿಗೂ ನೆನಪಾಯಿತು. ಟೀಚರ್ ಮುಖದಲ್ಲಿ ನಗು ಇರಲಿಲ್ಲ.

ಅವರು ಕೊಡೆಯನ್ನೂ ಹಿಡಿಯದೆ ಹೊರಗೆ ಹೋದರು. ಡೇರೆಯ ಸುತ್ತ ಬಗ್ಗಿ ಬಗ್ಗಿ ನೋಡಿದರು. ನಮ್ಮ ಜಗಲಿಯ ಹತ್ತಿರ ಬಂದು ನಿಂತರು. ಹೊರಗೆ ಚಾಚಿದ ಮೇಣದ ಬಟ್ಟೆಯ ಮೇಲೆ ಮಳೆ ಬಿದ್ದು, ಅಲ್ಲಿ ನಿಲ್ಲದೆ, ನಯವಾಗಿ ಜಾರಿಕೊಂಡು ಒಳಗೆ ಹೋಗುತ್ತಿತ್ತು. ನೀರಿಗೆ ನಾವೇ ರಂಗೋಲಿ ಹಾಕಿ ಕರೆದಿದ್ದೆವು.

"ಮಂಕುಗಳಾ, ಅಂಚು ಮಡಚಿಲ್ಲವಲ್ರೇ" ಅಂದರು. "ಲಂಗದ ಅಂಚು ಹಾಗೇ ಹೊರಗೆ ಬಿಡ್ತೀರಾ? ಕ್ಲಾಸಲ್ಲಿ ಏನು ಹೇಳಿಕೊಟ್ಟಿದೀನಿ? ಒಂದು ಗೇಣು ಒಳಗೆ ಮಡಚಿ. ಹಾಸು ಡೇರೆಗಿಂತ ಚಿಕ್ಕದಾಗಿರಬೇಕು, ಒಂದು ದಾರವೂ ಹೊರಗೆ ಕಾಣಬಾರದು."

ಅದು ನಮಗೆ ಗೊತ್ತಿದ್ದ ಕೆಲಸ. ಡೇರೆ ಡೇರೆಗೂ ಸುತ್ತ ಕೂತು ಮೇಣದ ಬಟ್ಟೆಯ ಅಂಚನ್ನು ಒಳಕ್ಕೆ, ಅಡಿಗೆ ಮಡಚಿದೆವು. ಮೂಲೆಗಳಲ್ಲಿ ಲಕೋಟೆಯ ಹಾಗೆ. ಅಳುತ್ತಿದ್ದವಳಿಗೆ ಟೀಚರ್ ಅತ್ಯಂತ ಕಷ್ಟದ ಮೂಲೆ ಕೊಟ್ಟರು, ಅವಳು ಅಳು ಮರೆತಳು. ಹುಳಿ ಸೌಟಿನಲ್ಲಿ ಸುತ್ತ ಸಣ್ಣ ಕಾಲುವೆ ತೋಡಿದೆವು. ನೆಂದ ಗೋಣಿ ತೆಗೆದು ಒಣಗಿದ್ದು ಹಾಕಿದೆವು. ನೀರು ಬರುವುದು ನಿಂತಿತು. ಟೀಚರ್ ಮಾತ್ರ ತಲೆಯಿಂದ ಕಾಲಿನವರೆಗೆ ನೆಂದು ಸೀನುತ್ತಾ ನಿಂತಿದ್ದರು.

"ಟೀಚರ್, ನಿಮಗೆ ಜ್ವರ ಬಂದ್ರೆ?"

"ಹೆಡ್‌ಮಿಸ್ಟ್ರೆಸ್ ಹೇಳಿದ್ದು ಹುಡುಗಿಯರ ಬಗ್ಗೆ. ನಾನು ಲೆಕ್ಕಕ್ಕಿಲ್ಲ."

ಮಾರನೆಯ ದಿನ ನಾವು ಹಲ್ಲುಜ್ಜುತ್ತಿದ್ದಾಗ ಕೆಸರು ತುಳಿದುಕೊಂಡು ಅಪ್ಪ ಬಂದ. ಮಂಡ್ಯದ ಕಡೆಯೂ ಮಳೆ ಸುರಿದಿತ್ತಂತೆ. ಮೊದಲ ಬಸ್ಸು ಹಿಡಿದಿದ್ದ. ಯಾರ ಮುಖವನ್ನೂ ನೋಡದೆ, "ನಡಿಯಮ್ಮಿ, ಗಂಟು ಕಟ್ಟು. ಓಗವ" ಅಂದ.

ಎಲ್ಲರ ಕೈ ನಿಂತುಹೋಯಿತು. ನಾನೊಬ್ಬಳು ಹೋದರೆ ಮುಗಿಯಿತು. ಟೀಚರ್ ಮರದ ಹಿಂದೆ ಹೋಗಿ ಒಂದು ಸೀನು ಸೀನಿ, ಮೂಗು ಒರೆಸಿಕೊಂಡು ಮುಂದೆ ಬಂದರು.

"ಕರ್ಕೊಂಡು ಹೋಗಿ ಗೌಡ್ರೇ. ಮೊದಲು ಅವಳ ಹಾಸಿಗೆ ಒಂದ್ಸಲ ಮುಟ್ಟಿ ನೋಡಿ."

ಅಪ್ಪ ಚಪ್ಪಲಿ ಬಿಟ್ಟು ಬಗ್ಗಿ ಡೇರೆಯೊಳಗೆ ಹೋದ. ಬೆಲ್ಲ ಆರಿದೆಯೋ ಇಲ್ಲವೋ ಎಂದು ನೋಡುವಾಗ ಅಂಗೈಯನ್ನು ಮಗುಚಿ ಹಿಂಬದಿಯಿಂದ ಮುಟ್ಟುವುದು ಅವನ ಅಭ್ಯಾಸ. ಹಾಗೆಯೇ ಜಮಖಾನ ಮುಟ್ಟಿದ. ಗೋಣಿ ಮುಟ್ಟಿದ. ಮೇಣದ ಬಟ್ಟೆ ಎತ್ತಿ ಕಬ್ಬಿನ ತರಗಿನೊಳಗೆ ಕೈ ತೂರಿಸಿದ. ಅವನು ಹೊರಗೆ ಬರುವವರೆಗೆ ಮುನೀರಾ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒಡೆಯಿತು.

ಅಪ್ಪ ಹೊರಬಂದು ಕಲ್ಲಿನ ಮೇಲೆ ಕೂತ. "ನಮ್ ಅಡಿಗೆಮನೆ ಸೋರ್ತು ಕಣವ್ವ" ಅಂದ, ಟೀಚರಿಗೆ. "ಇವ್ರವ್ವ ರಾತ್ರಿಯೆಲ್ಲಾ ಪಾತ್ರೆ ಇಟ್ಕಂಡ್ ಕೂತಿದ್ಲು. ಇಲ್ ನೋಡುದ್ರೆ ಗರಿಗರಿ ಅಂತೈತೆ." ಆಮೇಲೆ ನನಗೆ, "ಇಲ್ಲೇ ಬಿದ್ದಿರು, ಮನೇಗಿಂತ ವಾಸಿ."

ಮೇಲೆ ನೋಡಿ, "ಅಲ್ಲಾ, ಇದ್ರಲ್ಲಿದ್ ಬೆಲ್ಲ ಏನಾಯ್ತು?" ಎಂದು ಕೇಳಿದ. ಕುಡಿದೆವು ಅಂದಳು ಮುನೀರಾ. ಅವನು ಉಪ್ಪಿಟ್ಟು ತಿಂದು, ಟಾರ್ಪಾಲಿನ ಹಗ್ಗಕ್ಕೆ ನಾನು ಹಾಕಿದ್ದ ಗಂಟೊಂದನ್ನು ಬಿಚ್ಚಿ ಸರಿಯಾಗಿ ಕಟ್ಟಿ, ಮಧ್ಯಾಹ್ನದ ಬಸ್ಸಿಗೆ ಹೋದ. ಒಬ್ಬಳೂ ಕಾಯಿಲೆ ಬೀಳಲಿಲ್ಲ. ಟೀಚರ್ ಮಾತ್ರ ರಜೆ ಮುಗಿದ ಮೇಲೂ ಮೂಗು ಕಟ್ಟಿಕೊಂಡೇ ಪಾಠ ಮಾಡಿದರು. ಹೆಡ್‌ಮಿಸ್ಟ್ರೆಸ್ ಕೇಳಿದರೆ ಬಟ್ಟೆಯ ದೂಳು ಅನ್ನುತ್ತಿದ್ದರು.

ನನ್ನ ಓದು ಮರುವರ್ಷಕ್ಕೆ ಮುಗಿಯಿತು. ಮದ್ದೂರಿಗೆ ಮದುವೆಯಾಗಿ ಹೋದೆ. ಮಂಡ್ಯಕ್ಕೆ ಬಂದಾಗೆಲ್ಲ ಗುತ್ತಲಿನಲ್ಲಿದ್ದ ಅವರ ಮನೆಗೆ ಹೋಗಿ ಬರುತ್ತಿದ್ದೆ. ಕ್ಯಾಂಪುಗಳು ಮುಂದುವರಿದವು ಎಂದು ಅವರು ಹೇಳಿದ್ದರು. ಎಷ್ಟು ಎಂದು ನಾನು ಕೇಳಿರಲಿಲ್ಲ. ಆ ಕ್ಯಾಂಪು ನಮ್ಮದು, ಆ ಟೀಚರ್ ನಮ್ಮವರು ಎಂದೇ ಇದ್ದೆ.

ಅವರ ತಿಥಿಯ ದಿನ ಹೋದಾಗ ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ನಾನು ಕಂಡೇ ಇರದ ಹೆಂಗಸರು. ನನಗಿಂತ ಹತ್ತು ವರ್ಷ ಚಿಕ್ಕವರು, ಇಪ್ಪತ್ತು ವರ್ಷ ಚಿಕ್ಕವರು, ಒಬ್ಬಳ ಕಂಕುಳಲ್ಲಿ ಮಗು. ನಡುಮನೆಯಲ್ಲಿ ಗುಂಪು ಗುಂಪಾಗಿ ಕೂತಿದ್ದರು. ಬಾಗಿಲಲ್ಲಿ ನಿಂತ ನನ್ನನ್ನು ಒಬ್ಬಾಕೆ ಕೇಳಿದಳು.

"ನೀವು ಯಾವ ಕ್ಯಾಂಪಿನವರು?"

"ಮೊದಲನೇದು" ಅಂದೆ.

ಅವರು ಸರಿದು ಕೂತು ನನಗೆ ನಡುವೆ ಜಾಗ ಮಾಡಿದರು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಕ್ಯಾಂಪಿನ ಕಥೆ ತೆಗೆದರು. ಹಾವೆಂದು ಹಗ್ಗಕ್ಕೆ ಹೊಡೆದದ್ದು, ಅನ್ನ ಸೀದದ್ದು, ಟೀಚರ್ ಹೊಳೆಯಲ್ಲಿ ಚಪ್ಪಲಿ ತೇಲಿಬಿಟ್ಟದ್ದು... ಸಾವಿನ ಮನೆ ಎನ್ನುವುದು ಮರೆತು ನಗು ಏರಿತು. ಟೀಚರ್ ಮಗ ಕಂಬಕ್ಕೆ ಒರಗಿ ನಮ್ಮನ್ನೇ ನೋಡುತ್ತಾ ನಿಂತಿದ್ದ. ತಡೆಯಲಿಲ್ಲ. ಇನ್ನೂ ಹೇಳಿ ಎಂಬಂತಿತ್ತು ಅವನ ಮುಖ.

ಗಲಾಟೆ ತೀರಾ ಜಾಸ್ತಿಯಾದಾಗ, ಯಾಕೋ, ಎಲ್ಲರೂ ಒಟ್ಟಿಗೇ ಸುಮ್ಮನಾಗಿ ಒಳಕೋಣೆಯ ಬಾಗಿಲ ಕಡೆ ನೋಡಿದೆವು. ಕ್ಯಾಂಪಿನ ರಾತ್ರಿಗಳ ಹಾಗೆ, ಇಷ್ಟು ಹೊತ್ತಿಗೆ ಟೀಚರಿಂದ ಒಂದು ಗದರಿಕೆ ಬರಬೇಕಿತ್ತು. ಸಾಕು ಕಣ್ರೇ, ಮಲಕ್ಕೊಳ್ಳಿ ಅಂತ.

ಸ್ವಲ್ಪ ಹೊತ್ತು ಕಾದೆವು... ಬರಲಿಲ್ಲ.